ಬಸವನ ನೆರಳಿನ ಬಡಾವಣೆ

ಊರುಗಳು ಹುಟ್ಟುವುದಕ್ಕೆ ಕಾರಣಗಳು ಹಲವು. ನದಿಯ ದಂಡೆಯಲ್ಲಿ ಕೆಲವು, ಕೋಟೆಯ ಮಗ್ಗುಲಲ್ಲಿ ಕೆಲವು, ಸಂತೆಯ ಸುತ್ತ ಕೆಲವು ಬೆಳೆದುವು. ಬೆಂಗಳೂರಿನ ಬಸವನಗುಡಿಯನ್ನು ಬೆಳೆಸಿದುದು ಭಯ.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಹಳೆಯ ಪೇಟೆಗಳಲ್ಲಿ ಮನೆಗೆ ಮನೆ ಒತ್ತಿಕೊಂಡಿತ್ತು. ಗಾಳಿಬೆಳಕುಗಳಿಗೆ ದಾರಿ ಕಡಮೆ. ಇಲಿ ಬಿದ್ದ ಮನೆಯನ್ನು ತೊರೆದು ಜನರು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪೇಟೆಯ ಇಕ್ಕಟ್ಟನ್ನು ಸಡಿಲಿಸುವುದಕ್ಕಾಗಿ ವಾಯವ್ಯದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ ಎಂಬ ಎರಡು ಬಡಾವಣೆಗಳು ರೂಪುಗೊಂಡುವು.

ನೇರವಾದ ಬೀದಿಗಳು, ಮನೆಯ ಸುತ್ತ ತೆರವು, ಹಿಂದೆ ಹಿತ್ತಿಲು. ಪ್ಲೇಗಿಗೆ ಅಂದಿನವರು ಕಂಡುಕೊಂಡ ಮದ್ದು ಈ ಬರಿಯ ಬಯಲೇ ಎನ್ನಬೇಕು. ಆದರೆ ಗಾಳಿಬೆಳಕುಗಳನ್ನು ಅಳೆದುಕೊಟ್ಟ ಕೈ ಜಾತಿಯನ್ನೂ ಎಣಿಸದೆ ಬಿಡಲಿಲ್ಲ. ನಿವೇಶನಗಳು ಪಂಗಡಗಳ ಪ್ರಕಾರ ಹಂಚಿಕೆಯಾದುವು. ಹಿತ್ತಿಲಿನಾಚೆ ಕಿರುಗಲ್ಲಿಯೊಂದನ್ನು ಬಿಟ್ಟರು. ಮಲ ಹೊರುವವನು ಮುಂಬಾಗಿಲಿಗೆ ಕಾಣಿಸದಂತೆ ಬಂದು ಹೋಗಬೇಕಾಗಿತ್ತು.

ಈ ಬಯಲೇನೂ ಒಡೆಯರಿಲ್ಲದ ನೆಲವಾಗಿರಲಿಲ್ಲ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿಗಳ ರೈತರು ಇಲ್ಲಿ ಬೆಳೆ ತೆಗೆಯುತ್ತಿದ್ದರು. ಗುಡ್ಡದ ಮೇಲಿನ ದೊಡ್ಡ ಬಸವ ಅವರ ದೈವ. ಒಂದೇ ಬಂಡೆಯಲ್ಲಿ ಕಡೆದ ಈ ವಿಗ್ರಹದ ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ; ಗುಡಿಯನ್ನು ಕೆಂಪೇಗೌಡನು ಕಟ್ಟಿಸಿದನೆಂದು ಪ್ರತೀತಿ. ರಾತ್ರಿ ಬಂದು ಕಡಲೆಕಾಯಿಯ ಪೈರನ್ನು ಮೇಯುತ್ತಿದ್ದ ಗೂಳಿಯೊಂದನ್ನು ರೈತರು ಹೊಡೆಯಲು, ಅದು ಕಲ್ಲಾಯಿತಂತೆ. ತಪ್ಪೊಪ್ಪಿಕೊಂಡವರು ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸುವುದಾಗಿ ಹರಸಿಕೊಂಡರಂತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಕಡಲು ದಾಟಿ ಬಂದ ಬೆಳೆ. ಆದುದರಿಂದ ಕಥೆಯು ಅದು ಇಲ್ಲಿ ಬೇರೂರಿದ ಮೇಲಿನದೇ ಇರಬೇಕು. ಹೊರಗಿನಿಂದ ಬಂದುದನ್ನು ತನ್ನದಾಗಿಸಿಕೊಳ್ಳುವುದು ಈ ನೆಲದ ಹಳೆಯ ಗುಣವೆಂದು ತೋರುತ್ತದೆ.

ಬಂದವರೂ ಹಾಗೆಯೇ ಬೇರೂರಿದರು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ತೆರೆಯಿತು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಬಸವನಗುಡಿಯವರೇ ಆದರು, ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸಮೀಪದ ನರಸಿಂಹರಾಜ ಕಾಲೊನಿಯಲ್ಲಿದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಗವಿಪುರದಲ್ಲಿ ನೆಲಸಿದರು. ಗಾಂಧಿಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿಗಳಿಗೆಂದು ಆರಂಭವಾದ ವಿದ್ಯಾರ್ಥಿ ಭವನದ ದೋಸೆಗಾಗಿ ಇಂದಿಗೂ ಜನ ಬಾಗಿಲಲ್ಲಿ ಕಾದು ನಿಲ್ಲುತ್ತಾರೆ. ಬಸವನಗುಡಿಯವನೆಂದರೆ ಓದುಗ, ವಾದಪ್ರಿಯ, ಸಂಗೀತ ಕೇಳುವವನು ಎಂಬ ಹೆಸರು ಹೀಗೆ ನಿಂತಿತು. ಕೊಂಚ ಬಿಂಕವೂ ಅದರೊಡನೆ ಬಂದಿತೆಂದರೆ ಯಾರೂ ಕೋಪಿಸಿಕೊಳ್ಳಲಾರರು.

ಈಗ ಆ ಬಯಲು ಕರಗುತ್ತಿದೆ. ಹೆಂಚಿನ ಮನೆ ಬಿದ್ದಲ್ಲಿ ಮಹಡಿಯ ಮೇಲೆ ಮಹಡಿ ಏಳುತ್ತದೆ. ಹಿತ್ತಿಲಿನ ಮಾವು ನಿಂತಿದ್ದಲ್ಲಿ ಕಾರು ನಿಲ್ಲುತ್ತದೆ. ಇದನ್ನು ದುರಾಸೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ನಾಲ್ವರು ಮಕ್ಕಳಿಗೆ ಒಂದು ಮನೆ ಪಾಲಾಗಬೇಕು; ಮುದುಕರಿಗೆ ಹಳೆಯ ಮನೆಯ ಮೆಟ್ಟಿಲು ಹತ್ತಲಾಗದು. ಆದರೂ 2020ರಲ್ಲಿ ಕೊರೋನಾ ಬಂದು, ಮನುಷ್ಯರ ನಡುವೆ ಅಂತರವಿರಲೆಂದು ಸಾರಿದಾಗ, ಅಜ್ಜಂದಿರು ಪೇಟೆ ಬಿಟ್ಟು ಬಂದುದೇಕೆಂಬುದು ಮೊಮ್ಮಕ್ಕಳಿಗೆ ಹೊಳೆದಿರಬೇಕು.

ಬಡಾವಣೆ ಎಷ್ಟೇ ಇಕ್ಕಟ್ಟಾದರೂ ಕಾರ್ತಿಕದ ಕಡೆಯ ಸೋಮವಾರದ ಪರಿಷೆಗೆ ಜಾಗವುಂಟು. ಅಂದು ಬಸವನಗುಡಿಯ ರಸ್ತೆ ವಾಹನಗಳಿಗಲ್ಲ, ಕಡಲೆಕಾಯಿಯ ರಾಶಿಗಳಿಗೆ. ದೂರದ ಹಳ್ಳಿಗಳಿಂದ, ತಮಿಳುನಾಡಿನಿಂದಲೂ ಬಂದ ರೈತರು ರಾಶಿಯ ಪಕ್ಕದಲ್ಲಿಯೇ ಮಲಗುತ್ತಾರೆ. ಸೇರಿಗೆ ಎಷ್ಟೆಂದು ಚೌಕಾಸಿ ಮಾಡುವ ಮನೆಯೊಡೆಯನಿಗೆ ತನ್ನ ಮನೆಯ ಅಡಿಪಾಯದ ಕೆಳಗಿನ ಹೊಲ ನೆನಪಿರುತ್ತದೆಯೋ ಇಲ್ಲವೋ! ಬಸವನಿಗೆ ಮಾತ್ರ ಇಬ್ಬರೂ ಒಂದೇ. ಸಿಪ್ಪೆ ಬಿಡಿಸಿದ ಕಾಳು ಇಬ್ಬರ ಬಾಯಲ್ಲೂ ಒಂದೇ ರುಚಿ.