ಬಣ್ಣ ಹಚ್ಚಲು ಒಪ್ಪಿದವರು

ಕಟ್ಟೆಮಳಲವಾಡಿ, ಕಗ್ಗುಂಡಿಯ ಹೊಗೆಸೊಪ್ಪಿನ ಹರಾಜು ಮುಗಿಯುತ್ತಾ ಬಂದು, ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತದ ಒಕ್ಕಣೆಯೂ ಆಯಿತೆಂದರೆ ನಮ್ಮ ಕಡೆಯ ಅರಳಿಕಟ್ಟೆಗಳಲ್ಲಿ ಒಂದು ಮಾತು ಏಳುತ್ತದೆ: ‘ಈ ಸಲ ನಾಟ್ಕ ಆಡ್ಸನ್ವಾ?’ ನಾಟಕ ಅಂದರೆ ಹೆಚ್ಚಾಗಿ ಕುರುಕ್ಷೇತ್ರ. ಪಾತ್ರಧಾರಿಗೆ ಯಾರೂ ಕಾಸು ಕೊಡುವುದಿಲ್ಲ, ಅವನೇ ಕೊಡಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಸಣ್ಣ ಪಾತ್ರಗಳಿಗೆ ಕಡಿಮೆ. ಸೀನರಿ, ಮೈಕು, ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಬರುವ ನಟಿಯರು, ಎಲ್ಲಕ್ಕೂ ಆ ದುಡ್ಡೇ ಆಗಬೇಕು. ಸಾಲ ಇಟ್ಟುಕೊಂಡ ರೈತನಿಗೆ ಇದೆಲ್ಲ ಯಾಕೆ ಅಂತ ಪೇಟೆಯವರು ಕೇಳುತ್ತಾರೆ. ಒಂದು ರಾತ್ರಿ ಪ್ರಾಕ್ಟೀಸಿಗೆ ಬಂದು ಕೂತರೆ ಹಾಗೆ ಕೇಳುವುದಿಲ್ಲ.

ಹುಣಸೂರು ಕಡೆಯ ಒಂದೂರಿನ ಶಾಲೆ ಜಗುಲಿಯಲ್ಲಿ ನಾನು ಕೂತಿದ್ದೆ. ಡೇರಿಗೆ ಹಾಲು ಹಾಕಿ, ಉಂಡು ಬಂದವರು ಗೋಡೆಗೆ ಒರಗಿದ್ದರು. ದುರ್ಯೋಧನನ ಪಾತ್ರ ಹಿಡಿದವನಿಗೆ ನಲವತ್ತು ದಾಟಿದೆ. ಹರಾಜಿನಲ್ಲಿ ತನ್ನ ಬೇಲಿನ ಪಕ್ಕ ಕೈಕಟ್ಟಿ ನಿಲ್ಲುವವನು. ಊರಿನ ನ್ಯಾಯ ಪಂಚಾಯ್ತಿಯಲ್ಲೂ ಅವನು ದನಿ ಎತ್ತಿದ್ದನ್ನು ಯಾರೂ ಕಂಡಿಲ್ಲವಂತೆ. ಕಂದಪದ್ಯದ ಎರಡನೇ ಸಾಲಿಗೇ ಗಂಟಲು ಕಟ್ಟಿತು. ಕೈಯಲ್ಲಿದ್ದ ಪುಸ್ತಕ ನಡುಗುತ್ತಿತ್ತು.

‘ನನ್ ಕೈಲಾಗಕ್ಕಿಲ್ಲ ಮೇಷ್ಟ್ರೆ, ಬ್ಯಾರೆಯವ್ರಿಗೆ ಕೊಟ್ಬುಡಿ.’

ಮೇಷ್ಟ್ರು ತಲೆ ಎತ್ತಲಿಲ್ಲ. ಹಾರ್ಮೋನಿಯಂನ ಅದೇ ಮನೆ ಹಿಡಿದು, ಶ್ರುತಿ ಕೊಡುತ್ತಲೇ ಇದ್ದರು. ‘ನಡುಗ್ಲಿ ಬುಡಯ್ಯ. ನಡುಗ್ತಾನೆ ಹೇಳು.’

ಅವನು ಹೇಳಿದ. ನಡುಗುತ್ತಲೇ ಹೇಳಿದ. ಧೈರ್ಯದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಯಾವುದೂ ಮೇಷ್ಟ್ರ ಆ ಮಾತಿನಷ್ಟು ನೇರವಾಗಿ ನಾಟಿಲ್ಲ. ಭಯ ಹೋದ ಮೇಲೆ ಬದುಕೋಣ ಅಂತ ಕಾಯುವವರೇ ನಮ್ಮಲ್ಲಿ ಹೆಚ್ಚು. ನಾಲ್ಕು ಜನ ಏನಂದುಕೊಂಡಾರು ಎಂಬ ಅಳುಕಿನಲ್ಲೇ ವಯಸ್ಸು ಸಂದುಹೋಗುತ್ತದೆ. ಇಲ್ಲಿ ಆ ನಾಲ್ಕು ಜನ ಎದುರಿಗೇ ಕೂತಿದ್ದಾರೆ. ಅವರೂ ನಾಳೆ ಶಕುನಿ, ಕರ್ಣ ಆಗಿ ತೊದಲಬೇಕಾದವರೇ. ಮರೆತ ಸಾಲನ್ನು ಎತ್ತಿಕೊಡುವವರೂ ಅವರೇ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಪ್ರಾಕ್ಟೀಸ್ ಮುಗಿಸಿ, ಆನೆ ಭಯಕ್ಕೆ ಟಾರ್ಚ್ ಹಿಡಿದು ಗುಂಪಾಗಿ ಮನೆಗೆ ಹೋಗುವವರನ್ನು ನೋಡಿದಾಗಲೂ ಇದೇ ಅನ್ನಿಸಿದ್ದಿದೆ: ಒಬ್ಬೊಬ್ಬರೇ ಸಂಕೋಚ ಕಳೆದುಕೊಳ್ಳುವುದು ಕಷ್ಟ, ಜೊತೆ ಬೇಕು.

‘ಸತ್ಯ ಹರಿಶ್ಚಂದ್ರ’, ‘ಭಕ್ತ ಕುಂಬಾರ’ ನಿರ್ದೇಶಿಸಿದ ಹುಣಸೂರು ಕೃಷ್ಣಮೂರ್ತಿಯವರ ಸೀಮೆಯಿದು. ಅವರು ಹೆಸರು ಮಾಡಿದರು. ಮುಂದೆ ಯಾವ ಹೆಸರೂ ಬಾರದು ಎಂದು ಗೊತ್ತಿದ್ದೂ ಒಂದು ರಾತ್ರಿಗಾಗಿ ತಿಂಗಳುಗಟ್ಟಲೆ ನಿದ್ದೆಗೆಡುವವರ ಮೇಲೆ ನನಗೆ ಇನ್ನೂ ಒಂದು ತೂಕ ಹೆಚ್ಚು ಗೌರವ.

ನಾಟಕದ ದಿನ ಆ ದುರ್ಯೋಧನ ಗದೆ ಹೊತ್ತು ಬಂದ. ಮಖಮಲ್ಲಿನ ಅಂಗಿಯ ತೋಳಿನಿಂದಾಚೆ ಕಂಡ ಬೆರಳುಗಳಲ್ಲಿ ಸೊಪ್ಪಿನ ಅಂಟಿನ ಕಪ್ಪು ಹಾಗೇ ಇತ್ತು. ಕಂದ ಎತ್ತಿದ, ದನಿ ಚಪ್ಪರದಾಚೆಗೂ ಹೋಯಿತು. ‘ಒನ್ಸ್ ಮೋರ್’ ಬಿತ್ತು. ನಡುವೆಯೇ ಭಾವಮೈದ ಬಂದು ಹಾರ ಹಾಕಿದ. ಹೆಂಡತಿ ಮುಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಸಾಲುಗಳನ್ನು ತುಟಿಯಲ್ಲೇ ಹೇಳುತ್ತಿದ್ದಳು. ಮನೆಯಲ್ಲಿ ಕೇಳಿ ಕೇಳಿ ಅವಳಿಗೆ ಇಡೀ ಪಾತ್ರ ಬಾಯಿಪಾಠ.

ಅವಳು ಮಾತ್ರ ರಂಗ ಹತ್ತುವಂತಿಲ್ಲ. ಈಗಲೂ ನಮ್ಮ ಬಹುತೇಕ ಊರುಗಳಲ್ಲಿ ದ್ರೌಪದಿ, ರುಕ್ಮಿಣಿಯರು ಬಾಡಿಗೆ ಕಾರಿನಲ್ಲಿ ಹೊರಗಿನಿಂದಲೇ ಬರಬೇಕು. ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮ 1958ರಲ್ಲೇ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ, ಗಂಡು ಪಾತ್ರಗಳನ್ನೂ ಹೆಣ್ಣುಮಕ್ಕಳಿಂದಲೇ ಆಡಿಸಿದರು; ಕಂಸನಾಗಿ ತಾವೇ ಗರ್ಜಿಸಿದರು. 2012ರಲ್ಲಿ ಪದ್ಮಶ್ರೀಯೂ ಬಂತು. ಅವರು ಹುಟ್ಟಿದ ಜಿಲ್ಲೆಯಲ್ಲೇ ನಾವಿನ್ನೂ ಅಳುಕುತ್ತಿದ್ದೇವೆ. ಮನಸ್ಸಿನ ಅಡ್ಡಗೋಡೆಗಳನ್ನು ನಾವೇ ಕೆಡವಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಊರು ಕಟ್ಟಿದ ಗೋಡೆಯನ್ನು ಅವಳೊಬ್ಬಳೇ ಕೆಡವಲಿ ಅನ್ನುವುದು ನ್ಯಾಯವಲ್ಲ.

ಮುಂದಿನ ಸುಗ್ಗಿಗೆ ನಿಮ್ಮೂರಲ್ಲಿ ನಾಟಕದ ಮಾತೆದ್ದರೆ, ಪಾತ್ರ ಹಂಚುವ ದಿನ ಹೆಣ್ಣುಮಕ್ಕಳನ್ನೂ ಜಗುಲಿಗೆ ಕರೆಯಿರಿ. ಅವರ ದನಿಯೂ ಮೊದಲು ನಡುಗುತ್ತದೆ. ಮೇಷ್ಟ್ರು ಶ್ರುತಿ ಹಿಡಿದುಕೊಂಡೇ ಇರಲಿ.