ಕುಮಾರಧಾರೆಯಿಂದ ನೇತ್ರಾಣಿಗೆ

ಉಪ್ಪಿನಂಗಡಿ–ಕಡಬ ರಸ್ತೆಯ ಆಸುಪಾಸಿನಲ್ಲಿ, ಅಡಿಕೆ ತೋಟಗಳ ನಡುವೆ ರಾಮಕುಂಜವಿದೆ. ಪೇಜಾವರ ಶ್ರೀ ವಿಶ್ವೇಶತೀರ್ಥರು 1931ರಲ್ಲಿ ಜನಿಸಿದ ಊರಿದು. ಈ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ತೋಟದ ಕೆರೆಯಲ್ಲಿ ಈಜು ಕಲಿತ ಇಲ್ಲಿನ ಮಕ್ಕಳಿಗೆ ಕಡಲ ತಳ ನೋಡುವ ಆಸೆ ಹುಟ್ಟಿದರೆ ಆಶ್ಚರ್ಯವೇನು?

ಅದಕ್ಕೆ ಬಹಳ ದೂರ ಹೋಗಬೇಕಿಲ್ಲ. ಮಂಗಳೂರಿನಿಂದ ಕೊಂಕಣ ರೈಲಿನಲ್ಲಿ ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಹೋದರೆ ನೇತ್ರಾಣಿ ದ್ವೀಪ. ಹವಳ, ಗುಂಪು ಗುಂಪು ಬಣ್ಣದ ಮೀನುಗಳನ್ನು ಅಲ್ಲಿ ಕಾಣಬಹುದು. ಮಳೆಗಾಲದಲ್ಲಿ ಮಾತ್ರ ದೋಣಿ ಹೊರಡುವುದಿಲ್ಲ.

ಹೊರಡುವ ಮೊದಲೇ ಸಾಮಾನು ಕೊಳ್ಳುವ ಅವಸರ ಬೇಡ. ಸಿಲಿಂಡರು, ರೆಗ್ಯುಲೇಟರು, ಗಾಳಿ ತುಂಬುವ ಜಾಕೆಟ್ಟು ಇವೆಲ್ಲ ದುಬಾರಿ, ಕಾಲಕಾಲಕ್ಕೆ ತಪಾಸಣೆಯನ್ನೂ ಬೇಡುವಂಥವು. ಮುಳುಗಿಸುವವರೇ ಅವನ್ನು ಕೊಡುತ್ತಾರೆ. ಹೊಸಬರು ಸ್ವಂತಕ್ಕೆ ಕೊಳ್ಳಬಹುದಾದದ್ದು ಮುಖಕ್ಕೆ ಹಾಕುವ ಮಾಸ್ಕ್ ಒಂದೇ. ಅದೂ ಅಂಗಡಿಯಲ್ಲಿ ಮುಖಕ್ಕಿಟ್ಟು ನೋಡಿದ ಮೇಲೆ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಬೇಕು. ಬೀಳದೆ ಅಂಟಿ ನಿಂತರೆ ಆ ಮುಖಕ್ಕೆ ಅದು ಸರಿ. ಅಪ್ಪನ ಮಾಸ್ಕ್ ಮಗನಿಗೆ ಆಗದು. ಅಪ್ಪನಿಗೆ ದಪ್ಪ ಮೀಸೆಯಿದ್ದರೆ ಅವರಿಗೇ ನೀರು ಸೋರುವುದುಂಟು! ಕನ್ನಡಕ ಹಾಕಿ ಮೇಲೆ ಮಾಸ್ಕ್ ಧರಿಸಲಾಗದು. ದೃಷ್ಟಿದೋಷವಿದ್ದವರಿಗೆ ಪವರ್ ಗಾಜಿನ ಮಾಸ್ಕುಗಳಿವೆ.

ಈಜುಕೊಳದ ಕನ್ನಡಕವನ್ನೇ ಒಯ್ದರೆ ಸಾಲದೇ ಎಂದು ಪೋಷಕರು ಕೇಳುವುದಿದೆ. ಸಾಲದು. ಕಡಲಲ್ಲಿ 10 ಮೀಟರು ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ಮಾಸ್ಕಿನೊಳಗೆ ಮೂಗು ಇದ್ದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಒತ್ತಡ ಸರಿದೂಗಿಸಬಹುದು. ಕಣ್ಣನ್ನು ಮಾತ್ರ ಮುಚ್ಚುವ ಈಜುಗನ್ನಡಕದಲ್ಲಿ ಅದಕ್ಕೆ ದಾರಿಯಿಲ್ಲ; ಕಣ್ಣಿಗೇ ಪೆಟ್ಟು.

ಶಾಲೆಯಲ್ಲಿ ಬಾಯಿಪಾಠ ಮಾಡುವ ಬಾಯ್ಲನ ನಿಯಮ ಇಲ್ಲಿ ಪ್ರಾಣದ ಪ್ರಶ್ನೆ. 10 ಮೀಟರು ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲಕ್ಕೆ ಬರುವಾಗ ಇಮ್ಮಡಿಯಾಗಲು ಹೊರಡುತ್ತದೆ. ಉಸಿರು ಹಿಡಿದು ಏರಿದವರ ಶ್ವಾಸಕೋಶವೇ ಹರಿಯಬಹುದು. ಕೆರೆಯಲ್ಲಿ ದಮ್ಮು ಕಟ್ಟಿ ಮುಳುಗುವ ಹುಡುಗರು ಮರೆಯಬೇಕಾದ ಅಭ್ಯಾಸವಿದು: ಸ್ಕೂಬಾದಲ್ಲಿ ಉಸಿರಾಟ ನಿಲ್ಲಿಸಲೇಬಾರದು. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ರೂಪಿಸಿದ ರೆಗ್ಯುಲೇಟರಿನ ಹಿರಿಮೆಯೂ ಇಲ್ಲೇ ಇದೆ. ಇಳಿದ ಆಳದ ಒತ್ತಡಕ್ಕೆ ತಕ್ಕ ಗಾಳಿಯನ್ನು, ಉಸಿರೆಳೆದಾಗ ಮಾತ್ರ, ಅದು ಕೊಡುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಹೊರಗೆ ಸುಮಾರು 2400 ಲೀಟರು. ಆಳ ಹೆಚ್ಚಿದಷ್ಟೂ ಅದು ಬೇಗ ಮುಗಿಯುತ್ತದೆ.

ಆಸ್ತಮಾ, ಕಿವಿಯ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ನೆಗಡಿಯಿದ್ದ ದಿನ ಇಳಿಯಲೇಬಾರದು.

ಮನೆಗೆ ಬಂದ ಮೇಲೆ ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಅಂಗಳದಲ್ಲಿ ಅಡಿಕೆಯ ಜೊತೆ ಬಿಸಿಲಿಗೆ ಹರವಿದರೆ ಅದರ ಪಟ್ಟಿ ಕೆಡುತ್ತದೆ. ಆ ಮಾಸ್ಕ್ ಹಿಡಿದು ಕುಮಾರಧಾರೆಯ ಕಯಗಳಿಗೆ ಇಳಿಯಲು ಮಾತ್ರ ಮಕ್ಕಳನ್ನು ಬಿಡಬೇಡಿ. ಅಲ್ಲಿ ಸೆಳೆತವಿದೆ, ಪಕ್ಕದಲ್ಲಿ ಕಲಿಸುವವರಿಲ್ಲ.