ಕಾಲುದಾರಿಯಲ್ಲಿ ನಾಲ್ಕು ದಿನ

ರಜೆ ಎಂದರೆ ನಮ್ಮಲ್ಲಿ ಅಜ್ಜಿಯ ಊರು. ಅದಿಲ್ಲದಿದ್ದರೆ ಮೂರು ದಿನದಲ್ಲಿ ಹನ್ನೊಂದು ಸ್ಥಳ ತೋರಿಸುವ ಟೂರಿಸ್ಟ್ ಬಸ್ಸು. ದಿನವಿಡೀ ಸುಮ್ಮನೆ ನಡೆಯುವುದಕ್ಕೆಂದೇ ರಜೆ ಹಾಕಿ ಹೋಗುವ ಜನರನ್ನು ನಾನು ಕಂಡದ್ದು ವೇಲ್ಸ್ ಗಡಿಗೆ ತಾಗಿಕೊಂಡಿರುವ ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯಲ್ಲಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದ ಮಗನ ಜೊತೆ ಅಲ್ಲಿ ನಾಲ್ಕು ದಿನ ನಡೆದೆ.

ಚರ್ಚ್ ಸ್ಟ್ರೆಟನ್ ಎಂಬ ಸಣ್ಣ ಊರಿನಲ್ಲಿ ಇಳಿದುಕೊಂಡೆವು. ಮೊದಲು ಕೊಂಡದ್ದು ಆರ್ಡ್‌ನೆನ್ಸ್ ಸರ್ವೆಯ ನಕಾಶೆ. ಪ್ರಮಾಣ 1:25,000, ಅಂದರೆ ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವ ಕಡೆ ಮೊಣಕಾಲು ನೋಯುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನಡಿಗೆಯ ಹೊತ್ತಿಗೂ ಒಂದು ಲೆಕ್ಕವಿದೆ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ್ದು: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹತ್ತು ಕಿಲೋಮೀಟರ್ ದೂರ, 300 ಮೀಟರ್ ಏರು ಇದ್ದರೆ ಎರಡೂವರೆ ಗಂಟೆ. ನನ್ನ ವಯಸ್ಸಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು, ಅಷ್ಟೆ.

ನಕಾಶೆಯಲ್ಲಿ ಹಸಿರು ಚುಕ್ಕೆಗೆರೆಯಾಗಿ ಕಾಣುವ ಕಾಲುದಾರಿ ಬಾರ್ಲಿ ಹೊಲದ ನಟ್ಟನಡುವೆ ಹಾಯುತ್ತದೆ. ಕೆಲವೊಮ್ಮೆ ರೈತನ ಅಂಗಳವನ್ನೇ ದಾಟುತ್ತದೆ. ಬೇಲಿ ಬಂದಲ್ಲಿ ನಮ್ಮ ಮಲೆನಾಡಿನ ತಡಮೆಯಂಥದೇ ಮೆಟ್ಟಿಲು. ಹೊಲ ಖಾಸಗಿ, ದಾರಿ ಸಾರ್ವಜನಿಕ. 1949ರ ಕಾನೂನಿನಂತೆ ಇಂಥ ದಾರಿಗಳನ್ನೆಲ್ಲ ಗುರುತಿಸಿ ನಕಾಶೆಗೆ ಏರಿಸಿದರು. ಉತ್ತವನು ದಾರಿಯನ್ನು ಮತ್ತೆ ಸರಿಮಾಡಿ ಕೊಡಬೇಕು. ನಡೆಯುವವನು ಗೇಟು ಹಾಕಿಕೊಂಡು ಹೋಗಬೇಕು. ಬೇರೆಯವರ ಹೊಲದಲ್ಲಿ ಕಾಲಿಡಲು ಮೊದಲ ದಿನ ನನಗೆ ಅಳುಕು. ಟ್ರ್ಯಾಕ್ಟರಿನ ಮೇಲಿದ್ದ ರೈತ ಕೈಯೆತ್ತಿ ನಕ್ಕ ಮೇಲೆ ಅದು ಹೋಯಿತು.

ಲಾಂಗ್ ಮಿಂಡ್ ಎಂಬ ಬೋಳುಗುಡ್ಡದ ನೆತ್ತಿ 516 ಮೀಟರ್. ಅದರ ಬಂಡೆಗಳಿಗೆ 55 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ಮೂರನೆಯ ದಿನ ನಡೆದದ್ದು ವೆನ್‌ಲಾಕ್ ಎಡ್ಜ್ ಎಂಬ ಉದ್ದನೆಯ ಸುಣ್ಣಕಲ್ಲಿನ ಏಣಿನ ಮೇಲೆ. ಸುಮಾರು 43 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚನೆಯ ಆಳವಿಲ್ಲದ ಕಡಲಿನಡಿ ಇತ್ತು. ಕಲ್ಲಿನಲ್ಲಿ ಹವಳದ ಗುರುತು ಕೈಗೆ ತಾಗುತ್ತದೆ. ಕುರಿ ಮೇಯುವ ಚಳಿನಾಡಿನಲ್ಲಿ ಹವಳ! ಖಂಡಗಳು ಚಲಿಸುತ್ತವೆ ಎಂದು ಬೋರ್ಡಿನ ಮೇಲೆ ಬರೆಯುತ್ತ ಬಂದವನಿಗೆ ಅದರ ಸಾಕ್ಷಿಯನ್ನು ಬೆರಳಿನಿಂದ ಮುಟ್ಟುವ ಯೋಗ.

ಅಲ್ಲೇ, ಹವಳದ ಕಲ್ಲಿನಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ಮಗ ಹೇಳಿದ: “ಅಪ್ಪಾ, ಕಂಪನಿ ಕೆಲಸಕ್ಕೆ ಒಪ್ಪಿಗೆ ಕಳಿಸಿಲ್ಲ. ಮಣ್ಣಿನ ಮೇಲೆ ಸಂಶೋಧನೆ ಮಾಡ್ಬೇಕು ಅಂತಿದೀನಿ. ಮೂರು ವರ್ಷ.” ಊರಿನ ಬ್ಯಾಂಕಿನಲ್ಲಿ ಅವನ ಓದಿನ ಸಾಲವಿತ್ತು. ಮನೆಯಲ್ಲಿ ಎದುರುಬದುರು ಕೂತಿದ್ದರೆ ಆ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಬಂದಿದ್ದರೂ ನಾನು ಅರ್ಧಕ್ಕೇ ತಡೆಯುತ್ತಿದ್ದೆ. ಪಕ್ಕಪಕ್ಕದಲ್ಲಿ ನಡೆಯುವವರು ಮುಖ ನೋಡಿಕೊಳ್ಳಬೇಕಿಲ್ಲ, ತಕ್ಷಣ ಉತ್ತರ ಕೊಡಬೇಕಿಲ್ಲ. ಮುಂದಿನ ತಡಮೆಯವರೆಗೂ ನಾನು ಮಾತಾಡಲಿಲ್ಲ. ಆಮೇಲೆ ಕೇಳಿದೆ: “ಮಣ್ಣಿನಲ್ಲಿ ಏನು ನೋಡ್ತೀಯ?” ಅವನು ಸಂಜೆಯವರೆಗೂ ಹೇಳಿದ.

ಮರಳುವಾಗ ರೈಲು ಬದಲಿಸಿದ ಶ್ರೂಸ್‌ಬರಿ, 1809ರಲ್ಲಿ ಚಾರ್ಲ್ಸ್ ಡಾರ್ವಿನ್ ಹುಟ್ಟಿದ ಊರು. ವೈದ್ಯಶಿಕ್ಷಣವನ್ನು ನಡುವೆ ಬಿಟ್ಟು ಬಂದ ಈ ಮಗ 1831ರ ಆಗಸ್ಟಿನಲ್ಲಿ ಭೂವಿಜ್ಞಾನಿ ಸೆಡ್ಜ್‌ವಿಕ್ ಜೊತೆ ಇಲ್ಲಿಂದಲೇ ವೇಲ್ಸ್‌ಗೆ ಬಂಡೆ ನೋಡಲು ಹೊರಟ. ಅವರನ್ನು ಬೀಳ್ಕೊಟ್ಟ ಮೇಲೆ ದಿಕ್ಸೂಚಿ, ನಕಾಶೆ ಹಿಡಿದು ಬೆಟ್ಟಗಳ ಮೇಲೆ ನೇರವಾಗಿ ನಡೆದ. ಮನೆಗೆ ಬಂದರೆ ಬೀಗಲ್ ಹಡಗಿನ ಪಯಣಕ್ಕೆ ಕರೆಯೋಲೆ ಕಾದಿತ್ತು. ಡಾಕ್ಟರಾಗಿದ್ದ ತಂದೆ ಒಪ್ಪಲಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಲೂ ಇಲ್ಲ: ವಿವೇಕವುಳ್ಳ ಒಬ್ಬನಾದರೂ ಹೋಗು ಎಂದರೆ ಕಳಿಸುತ್ತೇನೆ ಎಂದರು. ಸೋದರಮಾವ ವೆಜ್‌ವುಡ್ ಹೋಗಲಿ ಎಂದ. ತಂದೆ ಒಪ್ಪಿದ್ದಲ್ಲದೆ ಖರ್ಚನ್ನೂ ಹೊತ್ತರು. ಡಿಸೆಂಬರ್ 27ಕ್ಕೆ ಹಡಗು ಹೊರಟಿತು.

ನನ್ನ ಮಗ ಡಾರ್ವಿನ್ ಅಲ್ಲ, ಆಗಬೇಕಾಗಿಯೂ ಇಲ್ಲ. ರೈಲಿನಲ್ಲಿ ಕೂತು ಸಾಲದ ಕಂತು, ಸಂಶೋಧನೆಗೆ ಸಿಗುವ ವೇತನ, ನನ್ನ ಸಂಬಳದಲ್ಲಿ ಉಳಿಯುವ ಹಣ ಇವನ್ನೆಲ್ಲ ಟಿಕೆಟಿನ ಬೆನ್ನಿಗೆ ಬರೆದು ಕೂಡಿಸಿದೆವು. ಲೆಕ್ಕ ಬಿಗಿಯಾಗಿತ್ತು, ಆದರೆ ಕೂಡಿತು.

ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಪೋಷಕರು ಕೇಳುತ್ತಿರುತ್ತಾರೆ. ನಡೆಯುತ್ತಾ ಹೋಗುವಷ್ಟು ದೂರಕ್ಕೆ ಎನ್ನುತ್ತೇನೆ. ಕೈಯಲ್ಲಿ ಒಂದು ನಕಾಶೆಯಿರಲಿ, ನೀರಿನ ಬಾಟಲಿಯಿರಲಿ. ಮಾತನ್ನು ಮಕ್ಕಳೇ ಶುರುಮಾಡುತ್ತಾರೆ.